ಸೋಗಾನೆಗೆ ವಿಮಾನ ಬಂತು, ಅರಸಾಳಿನಲ್ಲಿ ರೈಲು ನಿಲ್ಲೋಕೆ ಮಾತ್ರ ಲಾಭದ ಲೆಕ್ಕ ಯಾಕೆ?

ಶಿವಮೊಗ್ಗದಲ್ಲಿ ಸೋಗಾನೆ ಅಂದ್ರೆ ಮೊದಲು ಜೈಲು ನೆನಪಾಗ್ತಿತ್ತು. ಈಗ ಏರ್‌ಪೋರ್ಟ್ ನೆನಪಾಗುತ್ತೆ. 2023ರ ಫೆಬ್ರವರಿ 27ರಂದು ಪ್ರಧಾನಿ ಇಲ್ಲಿ ಉದ್ಘಾಟಿಸಿದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣಕ್ಕೆ ಆದ ಖರ್ಚು ಸುಮಾರು 450 ಕೋಟಿ ರೂಪಾಯಿ. ರನ್‌ವೇ ಉದ್ದ 3,200 ಮೀಟರ್. ಅದೇ ದಿನ 990 ಕೋಟಿಯ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ರೈಲು ಮಾರ್ಗಕ್ಕೂ, ಕೋಟೆಗಂಗೂರಿನ ರೈಲ್ವೆ ಕೋಚಿಂಗ್ ಡಿಪೋಗೂ ಶಂಕುಸ್ಥಾಪನೆ ಆಯ್ತು.

ಇವೆಲ್ಲ ಬೇಕು, ತಕರಾರಿಲ್ಲ. ನನ್ನ ಪ್ರಶ್ನೆ ಇರೋದು ಈಗಾಗಲೇ ಹಳಿ ಇರುವ, ಕಟ್ಟಡವೂ ಇರುವ ಸಣ್ಣ ಸ್ಟೇಷನ್‌ಗಳ ಬಗ್ಗೆ.

ಸ್ವಲ್ಪ ಇತಿಹಾಸ ನೋಡೋಣ. ಮೈಸೂರು ಸಂಸ್ಥಾನದ ಕಾಲದಲ್ಲಿ, 1899ರಲ್ಲಿ, ಬೀರೂರಿನಿಂದ ತರೀಕೆರೆ, ಭದ್ರಾವತಿ ಮೇಲೆ ಶಿವಮೊಗ್ಗಕ್ಕೆ ಮೀಟರ್ ಗೇಜ್ ರೈಲು ಬಂತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು ಅದಾದ ಎಷ್ಟೋ ವರ್ಷಗಳ ನಂತರ, 1918ರಲ್ಲಿ. ಆಮೇಲೆ ಇದೇ ಹಳಿ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ 1940ರ ಹೊತ್ತಿಗೆ ಜೋಗದ ಹತ್ತಿರದ ತಾಳಗುಪ್ಪ ತಲುಪಿತು. ಒಂದು ಕಾಲದಲ್ಲಿ ಈ ಮಾರ್ಗದಲ್ಲಿ ರೈಲ್‌ಬಸ್ಸೂ ಓಡಿದೆ. ಹಳಿ ಮೇಲೆ ಓಡುವ ಬಸ್ಸು ಅಂದುಕೊಳ್ಳಿ. ಬ್ರಾಡ್ ಗೇಜ್ ಮಾಡೋಕೆ ಕೆಲವು ವರ್ಷ ಮಾರ್ಗವನ್ನೇ ಮುಚ್ಚಿದ್ದರು. 2010ರ ಆಸುಪಾಸಿನಲ್ಲಿ ರೈಲು ಮತ್ತೆ ಓಡಿತು.

ಅರಸಾಳು ಹೊಸನಗರ ತಾಲ್ಲೂಕಿನ ಹಳ್ಳಿ, ರಿಪ್ಪನ್‌ಪೇಟೆಗೆ ಹತ್ತಿರ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ರೈಲ್ವೆ ಸ್ಟೇಷನ್ ದೃಶ್ಯಗಳನ್ನು ತೆಗೆದದ್ದು ಇಲ್ಲೇ. ಆ ಹಳೆಯ ಮೀಟರ್ ಗೇಜ್ ಕಟ್ಟಡವನ್ನು ರೈಲ್ವೆ ಇಲಾಖೆ ರಿಪೇರಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿತು. ಚೆಂದದ ಕೆಲಸ. ಆದರೆ ಮ್ಯೂಸಿಯಂ ನೋಡೋಕೆ ಬರುವವರು ಕಾರಲ್ಲಿ ಬರ್ತಾರೆ. ಸುತ್ತಲಿನ ಹಳ್ಳಿಯ ಕಾಲೇಜು ಹುಡುಗಿಗೆ, ಶಿವಮೊಗ್ಗದ ಆಸ್ಪತ್ರೆಗೆ ಹೋಗಬೇಕಾದ ಅಜ್ಜನಿಗೆ ಬೇಕಾಗಿರೋದು ಸರಿಯಾದ ಹೊತ್ತಿಗೆ ನಿಲ್ಲುವ ರೈಲು.

ಹಾಗಾದ್ರೆ ರೈಲು ಎಲ್ಲಿ ನಿಲ್ಲಬೇಕು ಅಂತ ಹೇಗೆ ತೀರ್ಮಾನ ಆಗುತ್ತೆ? ಎಕ್ಸ್‌ಪ್ರೆಸ್ ರೈಲಿಗೆ ಹೊಸ ನಿಲುಗಡೆ ಕೊಡುವಾಗ ಸಾಮಾನ್ಯವಾಗಿ ‘ಪ್ರಾಯೋಗಿಕ’ ಅಂತ ಕೊಡ್ತಾರೆ. ಇಂತಿಷ್ಟು ತಿಂಗಳು ನಿಲ್ಲಿಸಿ, ಎಷ್ಟು ಟಿಕೆಟ್ ಹೋಯ್ತು ಅಂತ ನೋಡಿ, ಮುಂದುವರಿಸೋದೋ ಬಿಡೋದೋ ಹೇಳ್ತಾರೆ.

ಇಂಜಿನಿಯರಿಂಗ್ ಓದಿದವನಾಗಿ ರೈಲ್ವೆಯ ಕಷ್ಟವೂ ನನಗೆ ಅರ್ಥ ಆಗುತ್ತೆ. ನೂರಾರು ಟನ್ ತೂಕದ ಗಾಡಿಯನ್ನು ನಿಲ್ಲಿಸಿ ಮತ್ತೆ ವೇಗಕ್ಕೆ ತರೋದು ಪುಕ್ಕಟೆ ಅಲ್ಲ. ಇಂಧನ ಹೋಗುತ್ತೆ, ನಿಮಿಷಗಳು ಹೋಗುತ್ತವೆ. ತಾಳಗುಪ್ಪ ಕಡೆಯದು ಒಂಟಿ ಹಳಿ. ಒಂದು ರೈಲು ತಡವಾದ್ರೆ ಎದುರಿನಿಂದ ಬರೋದು ಕ್ರಾಸಿಂಗ್ ಸ್ಟೇಷನ್‌ನಲ್ಲಿ ಕಾಯಬೇಕು. ಟಿಕೆಟ್ ದರದಿಂದ ಪ್ರಯಾಣದ ಪೂರ್ತಿ ಖರ್ಚು ಹುಟ್ಟಲ್ಲ ಅನ್ನೋದೂ ನಿಜ.

ಆದರೆ ಈ ಲೆಕ್ಕದಲ್ಲೊಂದು ತೊಡಕಿದೆ. ಜನ ಹತ್ತದ ಹೊತ್ತಿನಲ್ಲಿ ರೈಲು ನಿಂತರೆ ಟಿಕೆಟ್ ಹೋಗಲ್ಲ. ಟಿಕೆಟ್ ಹೋಗಲಿಲ್ಲ ಅಂತ ನಿಲುಗಡೆ ಹೋಗುತ್ತೆ. ನಿಲುಗಡೆ ಹೋದ ಮೇಲೆ ಜನ ಬಸ್ಸಿಗೆ, ಬೈಕಿಗೆ ಒಗ್ಗಿಕೊಳ್ತಾರೆ. ಕೊನೆಗೆ ‘ಬೇಡಿಕೆ ಇಲ್ಲ’ ಅನ್ನೋದೇ ದಾಖಲೆಯಲ್ಲಿ ಉಳಿಯುತ್ತೆ.

ಈಗ ಸೋಗಾನೆ ಕಡೆ ತಿರುಗಿ. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಇಲ್ಲಿಗೆ ಮೊದಲ ಪ್ರಯಾಣಿಕ ವಿಮಾನ ಬಂತು. ಅದೇ ನವೆಂಬರ್‌ನಲ್ಲಿ ಹೈದರಾಬಾದ್, ತಿರುಪತಿ, ಗೋವಾ ಮಾರ್ಗಗಳು ಉಡಾನ್ ಯೋಜನೆಯಡಿ ಶುರುವಾದವು. ಉಡಾನ್ ತರ್ಕ ಸರಳ: ಸಣ್ಣ ಊರಿನ ಮಾರ್ಗದಲ್ಲಿ ಮೊದಮೊದಲು ವಿಮಾನ ಕಂಪನಿಗೆ ನಷ್ಟ ಆಗಬಹುದು, ಆದ್ದರಿಂದ ಖರ್ಚಿಗೂ ಆದಾಯಕ್ಕೂ ಇರುವ ಅಂತರವನ್ನು ಕೆಲವು ವರ್ಷ ಸರ್ಕಾರ ತುಂಬಿಕೊಡುತ್ತೆ. ಸೇವೆ ಮೊದಲು, ಬೇಡಿಕೆ ಆಮೇಲೆ.

ಈ ತರ್ಕ ನನಗೆ ಒಪ್ಪಿಗೆ. ಆದರೆ ಅದೇ ಜಿಲ್ಲೆಯ ಹಳ್ಳಿ ಸ್ಟೇಷನ್‌ಗೆ ಬಂದಾಗ ತರ್ಕ ಯಾಕೆ ತಿರುಗುಮುರುಗಾಗುತ್ತೆ? ವಿಮಾನಕ್ಕೆ ನಷ್ಟ ತುಂಬಿಕೊಡ್ತೀವಿ, ರೈಲು ಎರಡು ನಿಮಿಷ ನಿಲ್ಲೋಕೆ ಮೊದಲು ಲಾಭ ತೋರಿಸಿ ಅಂತೀವಿ.

ಕೋವಿಡ್ ನಂತರ ಆದದ್ದನ್ನೂ ಮರೀಬೇಡಿ. ದೇಶದ ಪ್ಯಾಸೆಂಜರ್ ರೈಲುಗಳು ವಾಪಸ್ ಬಂದಾಗ ‘ಎಕ್ಸ್‌ಪ್ರೆಸ್ ಸ್ಪೆಷಲ್’ ಅನ್ನೋ ಹೆಸರು ಅಂಟಿತು, ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೆ ಏರಿತು. ಹಳೆಯ ದರ ಮರಳಿದ್ದು 2024ರ ಫೆಬ್ರವರಿಯಲ್ಲಿ. ಆ ವರ್ಷಗಳಲ್ಲಿ ಪಕ್ಕದ ಸ್ಟೇಷನ್‌ಗೆ ಹೋಗುವವರು ಮೂರು ಪಟ್ಟು ಕೊಟ್ಟರು. ರೈಲು ಬಿಟ್ಟು ಬಸ್ ಹಿಡಿದವರನ್ನು ದೂರೋಕೆ ಆಗುತ್ತಾ?

ನಾವು ಕೇಳಬೇಕಾದ್ದು ಮೂರು. ಒಂದು, ಪ್ರಾಯೋಗಿಕ ನಿಲುಗಡೆಯ ಟಿಕೆಟ್ ಲೆಕ್ಕವನ್ನು ಸ್ಟೇಷನ್‌ವಾರು ಪ್ರಕಟಿಸಲಿ. ಪ್ರಕಟಿಸದಿದ್ದರೆ ಮೈಸೂರು ವಿಭಾಗಕ್ಕೆ ಆರ್‌ಟಿಐ ಹಾಕೋಣ, ಅರ್ಜಿ ಶುಲ್ಕ ಬರೀ 10 ರೂಪಾಯಿ. ಎರಡು, ಕಾಲೇಜು, ಆಫೀಸಿನ ಹೊತ್ತಿಗೆ ಹೊಂದುವ ರೈಲುಗಳಲ್ಲೇ ಪ್ರಯೋಗ ನಡೀಲಿ. ಮೂರು, ಹಳ್ಳಿ ನಿಲುಗಡೆಗೂ ಉಡಾನ್ ಥರ ಕೆಲವು ವರ್ಷದ ನೆರವು ಸಿಗಲಿ. ಸಂಸದರು ಹೊಸ ರೈಲಿಗೆ ಹಸಿರು ಬಾವುಟ ತೋರಿಸೋಕೆ ಬಂದಾಗ ಈ ಮೂರನ್ನೂ ಕೇಳಿ. ಉತ್ತರ ಬರಹದಲ್ಲಿ ತಗೊಳ್ಳಿ.