ಗಾಳಿ ಕೆರಳುವ ತಾಣವನ್ನು ಅರಸಿದವರು: ರೊದ್ದಂ ನರಸಿಂಹ

1957ರಲ್ಲಿ ಅಮೆರಿಕದ ವೈಮಾನಿಕ ವಿಜ್ಞಾನದ ಪತ್ರಿಕೆಯೊಂದರಲ್ಲಿ ಎರಡೇ ಪುಟಗಳ ಒಂದು ಟಿಪ್ಪಣಿ ಅಚ್ಚಾಯಿತು. ಅದನ್ನು ಬರೆದವರು, ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಸತೀಶ ಧವನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸುತ್ತಿದ್ದ, ವಯಸ್ಸು ಇನ್ನೂ 25 ತುಂಬದ ರೊದ್ದಂ ನರಸಿಂಹ. ಮುಂದೆ ಅವರಿಗೆ ಸಂದ ಗೌರವಗಳನ್ನೆಲ್ಲ ಬಲ್ಲ ನಮ್ಮ ಜನ ಈ ಎರಡು ಪುಟಗಳನ್ನು ಅಷ್ಟಾಗಿ ಅರಿಯರು.

ವಿಮಾನವು ಎಷ್ಟೇ ವೇಗದಿಂದ ಹಾರುತ್ತಿರಲಿ, ರೆಕ್ಕೆಯ ಮೈಗೆ ತಗುಲಿದ ಗಾಳಿಯು ರೆಕ್ಕೆಯನ್ನೇ ಅಂಟಿಕೊಂಡು ಅದರೊಡನೆ ಸಾಗುತ್ತದೆ. ಅಲ್ಲಿಂದ ಕೆಲವು ಮಿಲಿಮೀಟರುಗಳಾಚೆಗೆ, ಹೆಚ್ಚೆಂದರೆ ಕೆಲವು ಸೆಂಟಿಮೀಟರುಗಳಾಚೆಗೆ, ಈ ಅಂಟಿನ ಪ್ರಭಾವವು ಅಳಿದುಹೋಗುತ್ತದೆ. ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ಲೋಕಕ್ಕೆ ತೋರಿಸಿಕೊಟ್ಟ ಸೀಮಾಸ್ತರವೆಂದರೆ ಈ ತೆಳುಪದರವೇ. ಮೊದಮೊದಲು ಅದು ನಯವಾಗಿ, ಸ್ತರಸ್ತರವಾಗಿ ಹರಿಯುತ್ತದೆ. ಸ್ವಲ್ಪ ದೂರ ಸಾಗಿದ ಮೇಲೆ ಕ್ಷೋಭೆಗೊಳ್ಳುತ್ತದೆ. ಕ್ಷೋಭೆಗೊಂಡೊಡನೆ ಘರ್ಷಣೆಯು ಹಲವು ಪಟ್ಟು ಏರುತ್ತದೆ. ವಿಮಾನ ಉರಿಸುವ ಇಂಧನದ ಲೆಕ್ಕಕ್ಕೂ, ಎಂಜಿನಿನ ಟರ್ಬೈನ್ ಅಲಗುಗಳು ತಾಳಬೇಕಾದ ತಾಪದ ಲೆಕ್ಕಕ್ಕೂ ಈ ಸಂಕ್ರಮಣದ ತಿಳಿವಳಿಕೆ ಅನಿವಾರ್ಯ.

ಸಂಕ್ರಮಣವಾದರೋ ಒಂದು ಗೆರೆ ದಾಟಿದ ಮಾತ್ರಕ್ಕೆ ಮುಗಿದುಹೋಗುವಂಥದಲ್ಲ. ಕೂದಲಿಗಿಂತ ಎಷ್ಟೋ ಸಣ್ಣದಾದ ಲೋಹದ ತಂತಿಯನ್ನು ವಿದ್ಯುತ್ತಿನಿಂದ ಕಾಯಿಸಿ, ಗಾಳಿಸುರಂಗದೊಳಗಿನ ನುಣುಪಾದ ಹಲಗೆಯ ಮೈಗೆ ತೀರ ಸಮೀಪದಲ್ಲಿ ಹಿಡಿದರೆ, ಗಾಳಿಯ ವೇಗದ ಏರಿಳಿತಕ್ಕೆ ಅನುಗುಣವಾಗಿ ತಂತಿ ತಣಿಯುತ್ತದೆ, ಅದರ ರೋಧ ಬದಲಾಗುತ್ತದೆ, ಆ ಬದಲಾವಣೆಯು ಆಸಿಲೋಸ್ಕೋಪಿನ ತೆರೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಹಲಗೆಯ ಮುಂಚೂಣಿಯಲ್ಲಿ ಗೆರೆ ನೇರ. ಬಹುದೂರ ಹಿಂದೆ ಸರಿದರೆ ಬಿಡುವಿಲ್ಲದ ಕಂಪನ. ನಡುವಣ ಪ್ರದೇಶದಲ್ಲಿ ಮಾತ್ರ, ಕ್ಷಣಕಾಲ ಶಾಂತವಾಗಿದ್ದ ಗೆರೆ ಥಟ್ಟನೆ ಕೆರಳಿ, ಮತ್ತೆ ಶಾಂತವಾಗಿ, ಮತ್ತೆ ಕೆರಳುತ್ತದೆ. ಒಟ್ಟು ಕಾಲದಲ್ಲಿ ಕೆರಳಿದ ಕಾಲದ ಪಾಲೆಷ್ಟೆಂಬುದನ್ನು 0ಯಿಂದ 1ರವರೆಗಿನ ಸಂಖ್ಯೆಯಾಗಿ ಅಳೆಯುತ್ತಾರೆ, ಅದು ಇಂಟರ್ಮಿಟೆನ್ಸಿ.

ಹಾರ್ವರ್ಡಿನ ಹೊವಾರ್ಡ್ ಎಮ್ಮನ್ಸ್ ತೆಳುವಾಗಿ ಹರಿಯುವ ನೀರಿನಲ್ಲಿ ಕ್ಷೋಭೆಯ ಸಣ್ಣ ಸಣ್ಣ ಮಚ್ಚೆಗಳು ಅಲ್ಲಲ್ಲಿ ಹುಟ್ಟಿ, ಹರಿವಿನೊಡನೆ ಸಾಗುತ್ತ ಬೆಳೆದು, ಒಂದರೊಳಗೊಂದು ಕೂಡಿಕೊಳ್ಳುವುದನ್ನು ಕಂಡು 1951ರಲ್ಲಿ ಪ್ರಕಟಿಸಿದ್ದರು. ಅಮೆರಿಕದ ಶುಬಾವರ್ ಮತ್ತು ಕ್ಲೆಬನಾಫ್ ಎಂಬಿಬ್ಬರು ವಿದ್ಯುತ್ ಕಿಡಿಯಿಂದ ಇಂಥ ಮಚ್ಚೆಯನ್ನು ಬೇಕೆಂದೇ ಹುಟ್ಟಿಸಿ, ಅದರ ಮುಂತುದಿಯು ಹೊರಗಾಳಿಯ ವೇಗದ ಶೇಕಡಾ 88ರಷ್ಟು ವೇಗದಿಂದಲೂ ಹಿಂತುದಿಯು ಶೇಕಡಾ 50ರಷ್ಟು ವೇಗದಿಂದಲೂ ಸಾಗುವುದನ್ನು ಅಳೆದಿದ್ದರು. ಮಚ್ಚೆ ಸಾಗುತ್ತ ಸಾಗುತ್ತ ಉದ್ದವಾಗುವುದು ಆ ಕಾರಣದಿಂದಲೇ. ಆದರೆ ಮಚ್ಚೆಗಳು ಹುಟ್ಟುವುದೆಲ್ಲಿ? ರೈತನು ಬೀಜವನ್ನು ಹೊಲದ ತುಂಬ ಎರಚಿದಂತೆ, ಹಲಗೆಯ ಉದ್ದಗಲಕ್ಕೂ ಎಲ್ಲೆಂದರಲ್ಲಿ ಹುಟ್ಟುತ್ತವೆಂದು ಭಾವಿಸಿ ಎಮ್ಮನ್ಸ್ ಇಂಟರ್ಮಿಟೆನ್ಸಿಯನ್ನು ಗಣಿಸಿದ್ದರು. ಆ ಗಣನೆಯಿಂದ ಬಂದ ವಕ್ರರೇಖೆಯು ಅಳತೆಗಳೊಡನೆ ಹೊಂದಲಿಲ್ಲ. ನರಸಿಂಹರು, ಹೊಲಕ್ಕೆ ಅಡ್ಡಲಾಗಿ ಎಳೆದ ಒಂದೇ ಸಾಲಿನಲ್ಲಿ ಬೀಜ ಬಿದ್ದಂತೆ, ಮಚ್ಚೆಗಳ ಜನನವೆಲ್ಲವೂ ಒಂದು ಕಿರಿದಾದ ಅಡ್ಡಪಟ್ಟಿಯಲ್ಲಿಯೇ ನಡೆಯುತ್ತದೆಂದು ಊಹಿಸಿದರು. ಸೂತ್ರದ ಘಾತದಲ್ಲಿ ದೂರದ ಘನವಿದ್ದೆಡೆ ವರ್ಗ ಬಂದು ಕುಳಿತಿತು. ಅಳತೆಗಳು ರೇಖೆಯ ಮೇಲೆ ಬಂದು ನಿಂತವು. ಇಷ್ಟು ಅಲ್ಪ ಸಾಮಗ್ರಿಯಿಂದ ಇಷ್ಟು ನಿಚ್ಚಳವಾದ ಸತ್ಯವನ್ನು ಹೊರತೆಗೆದ ಕಾರ್ಯಗಳು ನಮ್ಮ ದೇಶದ ವಿಜ್ಞಾನದಲ್ಲಿ ವಿರಳವೆಂದು ನಾನು ನಂಬಿದ್ದೇನೆ.

ಮರುವರ್ಷ ಧವನ್ ಮತ್ತು ನರಸಿಂಹ ಕೂಡಿ ಬರೆದ ಪ್ರಬಂಧವು, ಸಂಕ್ರಮಣ ಪ್ರದೇಶದ ಹರಿವನ್ನು ನಯವಾದುದರ ಮತ್ತು ಕ್ಷುಬ್ಧವಾದುದರ ಸರದಿಯ ಮಿಶ್ರಣವೆಂದು ಗ್ರಹಿಸಿ, ಘರ್ಷಣೆಯನ್ನು ಗಣಿಸುವ ಮಾರ್ಗವನ್ನು ತೆರೆಯಿತು. ಟರ್ಬೈನ್ ಅಲಗುಗಳ ಗಣನೆಯಲ್ಲಿ ಆ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಆಮೇಲಿನ ದೀರ್ಘ ಜೀವನವನ್ನು, ಕ್ಯಾಲ್‌ಟೆಕ್‌ನ ಡಾಕ್ಟರೇಟ್, 1984ರಿಂದ 1993ರವರೆಗಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕತ್ವ, ಮೈಸೂರಿನ ರಾಕೆಟ್ಟುಗಳ ಚರಿತ್ರೆ, ಮೋಡಗಳ ಅಧ್ಯಯನ ಎಂದು ಇಲ್ಲಿ ಹೆಸರಿಸಿ ಮುಂದೆ ಸಾಗಬೇಕಾಗಿದೆ. ಒಂದನ್ನು ಮಾತ್ರ ಬಿಡಲಾರೆ: ಕೆರಳಿದ ಗಾಳಿಯನ್ನು ತೀವ್ರವಾಗಿ ವೇಗಗೊಳಿಸಿದರೆ ಅದು ಮತ್ತೆ ನಯಕ್ಕೆ ಮರಳುವ ವಿಚಿತ್ರವನ್ನು, ಶಿಷ್ಯ ಕೆ. ಆರ್. ಶ್ರೀನಿವಾಸನ್ ಅವರೊಡನೆ 1973ರಲ್ಲಿ ಅವರು ವಿವರಿಸಿದರು.

ನರಸಿಂಹರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಲೇ ವಿಜ್ಞಾನವನ್ನು ಕನ್ನಡದಲ್ಲಿ ಬರೆದವರು. ಆ ಪೀಳಿಗೆಯ ಶ್ರದ್ಧೆಯನ್ನು ನೆನೆದಾಗ, ಮಗನ ಕಾರ್ಯವನ್ನು ಅದೇ ಭಾಷೆಯಲ್ಲಿ ನಿಧಾನವಾಗಿ ವಿವರಿಸುವ ಹೊಣೆ ನಮ್ಮಲ್ಲಿಯೇ ಉಳಿದುಬಿಟ್ಟಿತಲ್ಲಾ ಎಂದು ಮನಸ್ಸು ಭಾರವಾಗುತ್ತದೆ. 2020ರ ಡಿಸೆಂಬರ್ 14ರಂದು ನರಸಿಂಹರು ಬೆಂಗಳೂರಿನಲ್ಲಿ ತೀರಿಕೊಂಡರು.

ವಿದ್ಯಾರ್ಥಿಯಾಗಿದ್ದಾಗ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನೋಡಲು ಹೋಗಿ, ಅಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ವಿಮಾನವನ್ನು ಕಂಡು ಅವರು ವೈಮಾನಿಕ ಶಾಸ್ತ್ರಕ್ಕೆ ಒಲಿದರು. ಆ ಸಂಸ್ಥೆಯು ವರ್ಷಕ್ಕೊಮ್ಮೆ ತನ್ನ ಬಾಗಿಲನ್ನು ಸಾರ್ವಜನಿಕರಿಗೆಲ್ಲ ತೆರೆಯುತ್ತದೆ. ಓದುಗರು ತಮ್ಮ ಮನೆಯ ಮಕ್ಕಳನ್ನು ಆ ದಿನ ಅಲ್ಲಿಗೆ ಕರೆದೊಯ್ದು, ಗಾಳಿಸುರಂಗಗಳ ಮುಂದೆ ಸಾವಕಾಶವಾಗಿ ನಿಲ್ಲಿಸಿ ತೋರಿಸಬೇಕೆಂದು ನನ್ನ ಬಿನ್ನಹ.