ಕರಾವಳಿಯ ಹೊಸ ಕಾರಿಗೆ ತುಕ್ಕಿನ ಕಾವಲು

ಹೊಸ ಕಾರಿನ ವ್ಯವಹಾರ ಕುದುರಿ, ಸಾಲದ ಕಾಗದಗಳಿಗೆ ಸಹಿ ಬೀಳುವ ಹೊತ್ತಿಗೆ ಶೋರೂಮಿನ ಮೇಜಿನ ಮೇಲೆ ಇನ್ನೊಂದು ಪಟ್ಟಿ ಬರುತ್ತದೆ. ಸೀಟ್ ಕವರ್, ಮ್ಯಾಟ್, ಟೆಫ್ಲಾನ್ ಕೋಟಿಂಗ್, ಹೆಚ್ಚುವರಿ ವಾರಂಟಿ, ಇವುಗಳ ಸಾಲಿನಲ್ಲೇ ಕೆಲವು ಸಾವಿರ ರೂಪಾಯಿಯ ಅಂಡರ್‌ಬಾಡಿ ಆ್ಯಂಟಿ-ರಸ್ಟ್ ಕೋಟಿಂಗ್. ಇದು ಬೇಕೋ ಬೇಡವೋ ಎಂದು ವಿಚಾರಿಸಿದರೆ ಎರಡು ಸಿದ್ಧ ಉತ್ತರಗಳು ಸಿಗುತ್ತವೆ. ಮಾರುವವರ ಪ್ರಕಾರ ಎಲ್ಲ ಕಾರಿಗೂ ಬೇಕು, ಕಾರುಗಳ ಬಗ್ಗೆ ಓದಿಕೊಂಡವರ ಪ್ರಕಾರ ಈಗಿನ ಯಾವ ಕಾರಿಗೂ ಬೇಡ. ಕಾರು ಎಲ್ಲಿ ಬಾಳಲಿದೆ ಎಂಬುದನ್ನು ಇಬ್ಬರೂ ಕೇಳುವುದಿಲ್ಲ. ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ಓಡುವ ಕಾರಿಗೆ ಈ ಖರ್ಚು ಅನಗತ್ಯ. ಕಾರವಾರದಿಂದ ಉಳ್ಳಾಲದವರೆಗೆ ಕಡಲ ಮಗ್ಗುಲಲ್ಲಿ ಹತ್ತು ಹದಿನೈದು ವರ್ಷ ಬಾಳಬೇಕಾದ ಕಾರಿಗೆ ತುಕ್ಕಿನಿಂದ ರಕ್ಷಣೆ ನಿಜಕ್ಕೂ ಬೇಕು. ಆದರೆ ಡೆಲಿವರಿ ದಿನ ತಳಕ್ಕೆ ಬಳಿದುಕೊಡುವ ಕಪ್ಪು ಲೇಪದಿಂದ ಆ ರಕ್ಷಣೆ ಸಿಗುವುದಿಲ್ಲ ಎಂಬುದು ನನ್ನ ವಾದ. ಆ ಲೇಪ ಕೂರುವುದು ಹೊರಮೈಗೆ, ಕಾರನ್ನು ನಿಜವಾಗಿ ಕೆಡಿಸುವ ತುಕ್ಕು ಹುಟ್ಟುವುದು ಒಳಗೆ.

ಕಾರ್ಖಾನೆಯವರು ಈಗಾಗಲೇ ಮಾಡಿರುವ ಕೆಲಸವನ್ನು ಮೊದಲು ನೋಡೋಣ, ಏಕೆಂದರೆ ಅದು ಸಣ್ಣದಲ್ಲ. ಪೋರ್ಷೆ ಕಂಪನಿ 1970ರ ದಶಕದ ನಡುವಿನಲ್ಲಿ ತನ್ನ 911 ಕಾರಿಗೆ ಸತುವಿನಲ್ಲಿ ಅದ್ದಿದ ಉಕ್ಕನ್ನು ಬಳಸತೊಡಗಿತು. 1985ರಲ್ಲಿ ಆಡಿ ತನ್ನ 100 ಮಾದರಿಯ ಇಡೀ ಬಾಡಿಗೆ ಸತು ಲೇಪಿಸಿತು. ಸತುವಿನ ಗುಣ ವಿಶೇಷವಾದದ್ದು. ಗೀರು ಬಿದ್ದು ಉಕ್ಕು ತೆರೆದುಕೊಂಡರೂ ಪಕ್ಕದ ಸತು ತಾನು ಮೊದಲು ಸವೆದು ಉಕ್ಕನ್ನು ಉಳಿಸುತ್ತದೆ. ಇದರ ಜೊತೆಗೆ ಈಗ ಬಹುತೇಕ ಎಲ್ಲ ಕಾರ್ಖಾನೆಗಳಲ್ಲೂ ಇಡಿ ಕೋಟಿಂಗ್ ಇದೆ. ಬೆಸುಗೆ ಮುಗಿದ ಬಾಡಿಯನ್ನು ತೊಳೆದು, ಫಾಸ್ಫೇಟ್ ಪದರ ಹಿಡಿಸಿ, ಪ್ರೈಮರ್ ತುಂಬಿದ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ವಿದ್ಯುತ್ತಿನ ಸೆಳೆತಕ್ಕೆ ಪ್ರೈಮರ್ ಲೋಹಕ್ಕೆ ಬಂದು ಅಂಟುತ್ತದೆ. ಆ ಪದರದ ದಪ್ಪ ಸುಮಾರು 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ. ಇಷ್ಟು ತೆಳುವಾದರೂ ಸ್ಪ್ರೇ ಗನ್ನಿನಿಂದ ಹೊಡೆದ ಯಾವ ಲೇಪಕ್ಕಿಂತಲೂ ಅದರ ಹಿಡಿತ ಗಟ್ಟಿ. ಆದರೆ ಮುಚ್ಚಿದ ಪೆಟ್ಟಿಗೆಯಂಥ ಭಾಗಗಳ ಒಳಗೆ ವಿದ್ಯುತ್ತಿನ ಸೆಳೆತ ಕುಗ್ಗುವುದರಿಂದ ಅಲ್ಲಿ ಪದರ ಇನ್ನಷ್ಟು ತೆಳುವಾಗುತ್ತದೆ. ಎರಡು ತಗಡುಗಳನ್ನು ಒಂದರ ಮೇಲೊಂದಿಟ್ಟು ಬೆಸೆದ ಸಂದುಗಳಲ್ಲಿ ಅದು ಸರಿಯಾಗಿ ಕೂರುವುದೇ ಇಲ್ಲ. ಎಲ್ಲ ಕಾರುಗಳಲ್ಲೂ ಎಲ್ಲ ತಗಡಿಗೂ ಸತುವಿನ ಲೇಪ ಇರುವುದಿಲ್ಲ ಎಂಬುದನ್ನೂ ಸೇರಿಸಿಕೊಂಡರೆ, ಕಾರ್ಖಾನೆಯ ಕಾವಲು ಎಲ್ಲಿ ಸಡಿಲ ಎಂಬುದು ಸ್ಪಷ್ಟವಾಗುತ್ತದೆ.

ಒಣ ಹವೆಯಲ್ಲಿ ಈ ಸಡಿಲ ಜಾಗಗಳಿಂದ ದೊಡ್ಡ ತೊಂದರೆಯಿಲ್ಲ. ತುಕ್ಕಿಗೆ ಕಬ್ಬಿಣ, ಆಮ್ಲಜನಕ, ನೀರು ಮೂರೂ ಬೇಕು. ಆ ನೀರಿನಲ್ಲಿ ಉಪ್ಪು ಕರಗಿದ್ದರೆ ವಿದ್ಯುತ್ ಸರಾಗವಾಗಿ ಹರಿದು ಕೆಲಸ ಚುರುಕಾಗುತ್ತದೆ. ಹವೆಯನ್ನು ಅದರ ತುಕ್ಕು ಹಿಡಿಸುವ ಶಕ್ತಿಯ ಮೇಲೆ ವಿಂಗಡಿಸುವ ಐಎಸ್ಒ 9223 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಸೌಮ್ಯ ಹವೆಯ ಸಿ2 ವರ್ಗದಲ್ಲಿ ಬರಿಯ ಉಕ್ಕು ಮೊದಲ ವರ್ಷ ಕಳೆದುಕೊಳ್ಳುವುದು ಹೆಚ್ಚೆಂದರೆ 25 ಮೈಕ್ರಾನ್. ಕಡಲ ಉಪ್ಪು ದಟ್ಟವಾಗಿ ಬಂದು ಕೂರುವ ತೀರಗಳು ಸೇರುವ ಸಿ5 ವರ್ಗದಲ್ಲಿ ಅದೇ ಉಕ್ಕು 80ರಿಂದ 200 ಮೈಕ್ರಾನ್ ಕಳೆದುಕೊಳ್ಳುತ್ತದೆ. ಕಾರಿನ ಹೊರತಗಡಿನ ದಪ್ಪ ಸಾಮಾನ್ಯವಾಗಿ 700-800 ಮೈಕ್ರಾನ್ ಎಂಬುದನ್ನು ನೆನೆದರೆ ಈ ಅಂಕಿಯ ಭಾರ ತಿಳಿಯುತ್ತದೆ. ಲೆಕ್ಕವೇನೋ ಬರಿಯ ಉಕ್ಕಿನದು, ಆದರೆ ಲೇಪ ತಪ್ಪಿದ ಸಂದಿನಲ್ಲಿರುವುದೂ ಬರಿಯ ಉಕ್ಕೇ. ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ ದೇಶದ ತುಕ್ಕಿನ ನಕಾಶೆಯನ್ನೇ ತಯಾರಿಸಿದೆ. ಎಲ್ಲ ಊರಿನ ಗಾಳಿಯೂ ಲೋಹಕ್ಕೆ ಒಂದೇ ಅಲ್ಲ ಎಂಬ ತಿಳಿವಳಿಕೆಯೇ ಅದರ ಬುಡ.

ನಮ್ಮ ಕರಾವಳಿಯ ಗಾಳಿ ಆ ಲೆಕ್ಕದಲ್ಲಿ ಕಠಿಣವಾದದ್ದು. ಮಂಗಳೂರಿನ ಸರಾಸರಿ ವಾರ್ಷಿಕ ಮಳೆ 3,500 ಮಿಲಿಮೀಟರ್ ಮೀರುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಮಳೆಗಾಲದ ಅಲೆ ಒಡೆದಾಗ ಏಳುವ ಸಣ್ಣ ಹನಿಗಳು ಗಾಳಿಯೊಡನೆ ನೇರವಾಗಿ ರಸ್ತೆಗೆ ಬರುತ್ತವೆ. ತೀರದಿಂದ ಒಳಕ್ಕೆ ಹೋದಂತೆ ಈ ಉಪ್ಪಿನ ಪ್ರಮಾಣ ಬೇಗನೆ ಇಳಿಯುತ್ತದೆ. ಹಾಗಾಗಿ ಮಲ್ಪೆಯ ಕಡಲ ದಂಡೆಯ ಮನೆಯ ಕಾರಿಗೂ ಕಾರ್ಕಳದ ಕಾರಿಗೂ ಒಂದೇ ಸಲಹೆ ಸಲ್ಲದು. ಮಳೆ ನಿಂತ ಮೇಲೂ ಅಪಾಯ ಮುಗಿಯುವುದಿಲ್ಲ. ಕಡಲ ಉಪ್ಪಿನಲ್ಲಿ ಅಡುಗೆ ಉಪ್ಪಿನ ಜೊತೆಗೆ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುತ್ತದೆ. ಗಾಳಿಯ ತೇವಾಂಶ ಮೂರನೇ ಒಂದರಷ್ಟಿದ್ದರೂ ಅದು ನೀರನ್ನು ಹೀರಿ ಕರಗುತ್ತದೆ. ಚಳಿಗಾಲದ ಬಿಸಿಲಿನಲ್ಲಿ ಒಣಗಿದಂತೆ ಕಾಣುವ ಕಾರಿನ ತಳದಲ್ಲಿ ಈ ಉಪ್ಪು ತೆಳುವಾದ ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ.

ಕಾರಿನ ಬಾಗಿಲು ತೆರೆದು, ಕುಕ್ಕುರುಗಾಲಿನಲ್ಲಿ ಕುಳಿತು ಅದರ ಕೆಳ ಅಂಚನ್ನು ನೋಡಿ. ಉಗುರು ತೂರುವಷ್ಟು ಅಗಲದ ಎರಡು ಮೂರು ಸೀಳುಗಳು ಕಾಣುತ್ತವೆ. ಗಾಜಿನ ಮೇಲೆ ಬಿದ್ದ ಮಳೆನೀರು ರಬ್ಬರ್ ಪಟ್ಟಿಯನ್ನು ದಾಟಿ ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ, ಅಲ್ಲಿಂದ ಈ ಸೀಳುಗಳ ಮೂಲಕ ಹೊರಗೆ ಹರಿಯುತ್ತದೆ. ಸೀಳಿನ ಪಕ್ಕದಲ್ಲೇ ಹೊರತಗಡನ್ನು ಒಳತಗಡಿನ ಮೇಲೆ ಮಡಚಿ ಒತ್ತಿದ ಅಂಚು ಇರುತ್ತದೆ. ಸೀಳಿಗೆ ಕೆಮ್ಮಣ್ಣು, ತರಗೆಲೆ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ, ನಿಂತ ನೀರು ಆ ಮಡಿಕೆಗೆ ಇಳಿಯುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ತೊಲೆಯಲ್ಲಿ, ಚಕ್ರದ ಕಮಾನಿನ ಒಳ ಅಂಚಿನಲ್ಲಿ, ಡಿಕ್ಕಿಯ ಮುಚ್ಚಳದ ಮಡಿಕೆಯಲ್ಲಿ ನಡೆಯುವುದೂ ಇದೇ. ಹೊರಗಿನ ಬಣ್ಣದಲ್ಲಿ ಮೊದಲ ಗುಳ್ಳೆ ಎದ್ದಾಗ ಒಳಗಿನಿಂದ ತಗಡು ಬಹುಮಟ್ಟಿಗೆ ತೂತಾಗಿರುತ್ತದೆ. ಆಮೇಲೆ ಟಿಂಕರಿಂಗ್‌ನವರು ಅದನ್ನು ಕತ್ತರಿಸಿ, ಹೊಸ ತುಂಡು ಬೆಸೆದು, ಪುಟ್ಟಿ ತುಂಬಿ ಬಣ್ಣ ಹೊಡೆಯುತ್ತಾರೆ. ಬೆಸುಗೆಯ ಬಿಸಿಗೆ ಸುತ್ತಲಿನ ಸತುವೂ ಪ್ರೈಮರೂ ಸುಟ್ಟುಹೋಗುವುದರಿಂದ, ಒಳಗೆ ಮತ್ತೆ ಲೇಪ ಕೊಡದಿದ್ದರೆ ಅದೇ ಜಾಗ ಬೇಗನೆ ಮತ್ತೆ ಕೆಡುತ್ತದೆ.

ದೊಡ್ಡ ಕಂಪನಿಯ ಕಾರಿಗೆ ಈ ಭಯವಿಲ್ಲ ಎನ್ನುವವರು ಅಮೆರಿಕದ ಒಂದು ಪ್ರಕರಣ ನೋಡಬೇಕು. ಟೊಯೊಟಾದ ಟಕೋಮಾ, ಟಂಡ್ರಾ, ಸೆಕ್ವೊಯಾ ವಾಹನಗಳ ಚೌಕಟ್ಟುಗಳು ಸಾಕಷ್ಟು ರಕ್ಷಣೆಯಿಲ್ಲದೆ ತುಕ್ಕು ಹಿಡಿದು ತೂತಾಗುತ್ತಿವೆ ಎಂದು ಮಾಲೀಕರು ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ಕಂಪನಿ ಆರೋಪ ಒಪ್ಪಿಕೊಳ್ಳದೆಯೇ ರಾಜಿಗೆ ಬಂತು. ಸುಮಾರು 15 ಲಕ್ಷ ವಾಹನಗಳಿಗೆ ಅನ್ವಯಿಸುವ ಆ ಒಪ್ಪಂದದ ಮೌಲ್ಯ 340 ಕೋಟಿ ಡಾಲರ್‌ವರೆಗೆ ಹೋಗಬಹುದೆಂದು ಅಂದಾಜಾಗಿತ್ತು. ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಅಲ್ಲಿ ಮಾಡಿದ ಕೆಲಸವನ್ನೇ ನಮ್ಮಲ್ಲಿ ಕಡಲ ಗಾಳಿ ಮಾಡುತ್ತದೆ.

ಇಷ್ಟಾದ ಮೇಲೆ ಕಪ್ಪು ಲೇಪದ ವಿಚಾರ. ಡಾಂಬರು ಅಥವಾ ರಬ್ಬರ್ ಮೂಲದ ಈ ಗಟ್ಟಿ ಪದರ ಚಕ್ರದಿಂದ ಸಿಡಿಯುವ ಕಲ್ಲನ್ನು ತಡೆಯುತ್ತದೆ, ರಸ್ತೆಯ ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ. ಅಷ್ಟರ ಮಟ್ಟಿಗೆ ಉಪಯುಕ್ತ. ಆದರೆ ಅದು ಟೊಳ್ಳು ಭಾಗಗಳ ಒಳಗೆ ಹೋಗುವುದಿಲ್ಲ. ಕಾಲ ಕಳೆದಂತೆ ಒಣಗಿ ಬಿರುಕು ಬಿಟ್ಟರೆ ಉಪ್ಪುನೀರು ಅದರ ಅಡಿಗೆ ನುಸುಳಿ ಆರದೆ ಉಳಿಯುತ್ತದೆ, ಮೇಲಿನ ಕಪ್ಪು ಬಣ್ಣ ಒಳಗಿನ ಕೆಡುಕನ್ನು ಮರೆಮಾಚುತ್ತದೆ. ಅವಸರದಲ್ಲಿ, ತೊಳೆದ ತಳ ಪೂರ್ತಿ ಆರುವ ಮೊದಲೇ ಹೊಡೆದಿದ್ದರಂತೂ ಆ ತೇವವನ್ನು ಒಳಗೇ ಮುಚ್ಚಿಟ್ಟಂತಾಯಿತು. ನೀರು ಹರಿಯುವ ತೂತುಗಳ ಮೇಲೂ ಅದೇ ಲೇಪ ಬಿದ್ದು ಅವು ಮುಚ್ಚಿಹೋಗಬಹುದು. ಹಾಗಾದಲ್ಲಿ ಲೇಪವಿಲ್ಲದ ಕಾರೇ ಹೆಚ್ಚು ಸುರಕ್ಷಿತ.

ಕರಾವಳಿಯ ಕಾರಿಗೆ ಬೇಕಾದದ್ದು ಟೊಳ್ಳು ಭಾಗಗಳ ಒಳಗೆ ಹೋಗುವ, ಗಟ್ಟಿಯಾಗದೆ ಮೆದುವಾಗಿ ಉಳಿಯುವ ಲೇಪ. ಮೇಣದ ಮೂಲದವು ಇವೆ, ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆದ ಲ್ಯಾನೋಲಿನ್ ಮೂಲದವೂ ಇವೆ. ಕೆಲಸ ಬಲ್ಲವರು ಕಾರನ್ನು ಲಿಫ್ಟಿಗೆ ಏರಿಸಿ, ತಳ ತೊಳೆದು, ಪೂರ್ತಿ ಆರಲು ಬಿಡುತ್ತಾರೆ. ಸೈಲೆನ್ಸರ್, ಬ್ರೇಕ್ ಡಿಸ್ಕ್, ಸೆನ್ಸರುಗಳನ್ನು ಮುಚ್ಚುತ್ತಾರೆ. ಆಮೇಲೆ ತೊಲೆಗಳಲ್ಲಿರುವ ರಬ್ಬರ್ ಬಿರಡೆಗಳನ್ನು ಕಿತ್ತು, ಉದ್ದನೆಯ ತೆಳು ಕೊಳವೆಯನ್ನು ಒಳತುದಿಯವರೆಗೆ ತೂರಿಸಿ, ಅದನ್ನು ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾ ಲೇಪ ಹಾರಿಸುತ್ತಾರೆ. ಕೊಳವೆಯ ಮೂತಿಯ ಸುತ್ತಲೂ ಸಣ್ಣ ತೂತುಗಳಿರುವುದರಿಂದ ಅದು ಎಲ್ಲ ಗೋಡೆಗಳಿಗೂ ಮಂಜಿನಂತೆ ಬಿದ್ದು ಸಂದುಗಳಿಗೆ ಹರಿಯುತ್ತದೆ. ಕೆಳಗಿನ ತೂತಿನಿಂದ ನಾಲ್ಕು ಹನಿ ತೊಟ್ಟಿಕ್ಕಿದರೆ ಅದು ಒಳಗೆಲ್ಲ ತಲುಪಿದ ಗುರುತು. ಕಾರಿನಲ್ಲಿ ಈಗಾಗಲೇ ಇರುವ ತೂತುಗಳನ್ನೇ ಬಳಸಬೇಕು. ಡ್ರಿಲ್ ಹಿಡಿದು ಬರುವವರನ್ನು ತಡೆಯಿರಿ, ಹೊಸ ತೂತಿನ ಅಂಚಿನಲ್ಲಿ ಕಾರ್ಖಾನೆಯ ಲೇಪ ಹೋಗುತ್ತದೆ ಮತ್ತು ವಾರಂಟಿಗೂ ತಕರಾರು ಬರಬಹುದು. ವಿದ್ಯುತ್ ಕಾರಾದರೆ ತಳದಲ್ಲಿ ಬ್ಯಾಟರಿಯೂ ಕಿತ್ತಳೆ ಬಣ್ಣದ ಹೈ-ವೋಲ್ಟೇಜ್ ಕೇಬಲ್‌ಗಳೂ ಇರುವುದರಿಂದ ಕಂಪನಿಯ ಸೂಚನೆ ತಿಳಿಯದವರ ಕೈಗೆ ಕೊಡಲೇಬಾರದು.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಹಣದ್ದು. ಐದು ವರ್ಷಕ್ಕೆ ಕಾರು ಮಾರುವವರಿಗೆ ಇದೆಲ್ಲ ಯಾಕೆ ಎನ್ನುತ್ತಾರೆ. ತುಕ್ಕು ಕಣ್ಣಿಗೆ ಕಾಣುವಷ್ಟರಲ್ಲಿ ಕಾರು ಕೈಬದಲಾಗಿರುತ್ತದೆ ಎಂಬುದು ಅನೇಕ ಸಲ ನಿಜ. ಆದರೆ ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಇರುತ್ತದೆ, ಎರಡನೇ ಮೂರನೇ ಮಾಲೀಕರ ಕುಟುಂಬವೂ ಅದೇ ತೊಲೆಗಳ ಬಲವನ್ನು ನಂಬಿ ಪ್ರಯಾಣಿಸುತ್ತದೆ. ಪಕ್ಕದಿಂದ ಗುದ್ದಿದಾಗ ಪೆಟ್ಟು ತಡೆಯುವ ಭಾಗಗಳಲ್ಲಿ ಬಾಗಿಲ ಕೆಳಗಿನ ತೊಲೆಯೂ ಒಂದು. ಇದು ಮಾರಾಟದ ಬೆಲೆಗಿಂತ ದೊಡ್ಡ ಕಾರಣ ಎಂದು ನಾನು ತಿಳಿಯುತ್ತೇನೆ. ವಿಮೆಯಿಂದ ತುಕ್ಕಿನ ದುರಸ್ತಿಯ ಹಣ ಬರುವುದಿಲ್ಲ, ಸವೆತಕ್ಕೆ ವಿಮೆ ಅನ್ವಯಿಸದು. ಇನ್ನು ಮೆದು ಲೇಪಕ್ಕೆ ಧೂಳು ಅಂಟುತ್ತದೆ, ಕೆಲವು ದಿನ ವಾಸನೆ ಇರುತ್ತದೆ, ಚಕ್ರದ ನೀರಿಗೆ ತಳದ ಲೇಪ ಸವೆಯುತ್ತದೆ ಎಂಬ ದೂರುಗಳೆಲ್ಲ ಸರಿಯೇ. ಅದಕ್ಕಾಗಿಯೇ ತೆರೆದ ತಳದಲ್ಲಿ ವರ್ಷಕ್ಕೊಮ್ಮೆ ನೋಡಿ ಸವೆದಲ್ಲಿ ಮತ್ತೆ ಹಾರಿಸಬೇಕು. ನೀರಿನ ರಭಸ ತಾಗದ ಟೊಳ್ಳುಗಳ ಒಳಗೆ ಅದು ಹೆಚ್ಚು ಕಾಲ ನಿಲ್ಲುತ್ತದೆ.

ಲೇಪದ ತಾಪತ್ರಯವೇ ಬೇಡವೆಂದು ಬ್ಯಾಟರಿಗೆ ಜೋಡಿಸುವ ಎಲೆಕ್ಟ್ರಾನಿಕ್ ಡಬ್ಬಿಗಳತ್ತ ಒಲಿಯುವವರೂ ಇದ್ದಾರೆ. ವಿದ್ಯುತ್ತಿನಿಂದ ತುಕ್ಕು ತಡೆಯುವ ವಿದ್ಯೆ ಹಡಗಿನ ತಳದಲ್ಲಿ, ನೆಲದಲ್ಲಿ ಹೂತ ಪೈಪಿನಲ್ಲಿ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಸುತ್ತಲೂ ಕಡಲ ನೀರೋ ಒದ್ದೆ ಮಣ್ಣೋ ಇದ್ದು ವಿದ್ಯುತ್ತಿನ ಸುತ್ತು ಪೂರ್ತಿಯಾಗುತ್ತದೆ. ಗಾಳಿಯಲ್ಲಿ ನಿಂತ ಕಾರಿಗೆ ಆ ಅನುಕೂಲವಿಲ್ಲ. ಅದಕ್ಕಿಂತ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ವಾಟರ್ ಸರ್ವಿಸ್‌ನಲ್ಲಿ ಸಿಹಿನೀರಿನಿಂದ ತಳವನ್ನೂ ಚಕ್ರದ ಕಮಾನನ್ನೂ ತೊಳೆಸಿ, ಬಾಗಿಲಿನ ಸೀಳುಗಳನ್ನು ಬಿಡಿಸಿಕೊಂಡರೆ ಪ್ರಯೋಜನ ಹೆಚ್ಚು. ಬೀಚಿನ ಮರಳಿನ ಮೇಲೆ ಕಾರು ಓಡಿಸಿದ್ದರೆ ಅದೇ ದಿನ ತೊಳೆಯಬೇಕು.

ಮೆದು ಲೇಪ ಮಾಡಿಸುವುದಿದ್ದರೆ ಫೆಬ್ರವರಿಯಿಂದ ಮೇ ನಡುವೆ, ಕಾರು ಮೊದಲ ಮಳೆ ಕಾಣುವ ಮುಂಚೆ ಮಾಡಿಸಿ. ಮಳೆಗಾಲದಲ್ಲಿ ಕೊಂಡ ಕಾರಾದರೆ ಮಳೆ ಮುಗಿದು ತಳ ಚೆನ್ನಾಗಿ ಆರುವವರೆಗೆ ಕಾಯುವುದು ಮೇಲು. ಹಣ ಕೊಡುವ ಮುಂಚೆ ಯಾವ ವಸ್ತು ಬಳಸುತ್ತಾರೆ, ಟೊಳ್ಳುಗಳ ಒಳಗೆ ಹಾರಿಸುವ ಕೊಳವೆ ಇದೆಯೇ, ಎಷ್ಟು ಹೊತ್ತು ಆರಲು ಬಿಡುತ್ತಾರೆ ಎಂದು ಕೇಳಿ. ಲಿಫ್ಟಿನ ಮೇಲಿರುವಾಗಲೇ ತಳದ ಫೋಟೊ ತೆಗೆದಿಟ್ಟುಕೊಳ್ಳಿ, ಮುಂದಿನ ವರ್ಷ ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಬಿಲ್ಲಿನಲ್ಲಿ ಬರಿಯ ಅಂಡರ್‌ಬಾಡಿ ಎಂದಷ್ಟೇ ಬರೆದಿದ್ದರೆ, ಬಾಗಿಲು, ತೊಲೆ, ಡಿಕ್ಕಿಯ ಒಳಭಾಗಗಳ ಹೆಸರನ್ನೂ ಸೇರಿಸಿ ಬರೆಸಿಕೊಳ್ಳಿ.