ಹಂಪಿಗೆ ಹೊರಟಾಗ ಹೆಗಲಿಗೆ ಯಾವ ಕ್ಯಾಮೆರಾ?

ದಸರಾ ರಜೆ ಹತ್ತಿರವಾದಂತೆ ಅನೇಕ ಮನೆಗಳಲ್ಲಿ ಒಂದೇ ಬಗೆಯ ವಾಗ್ವಾದ ಶುರುವಾಗುತ್ತದೆ. ಈ ಸಲ ಹಂಪಿಗೆ ಹೋಗೋಣವೆಂದು ಅಪ್ಪ ಹೇಳಿದ ಮರುದಿನವೇ ಪಿಯುಸಿ ಓದುವ ಮಗಳು ಕ್ಯಾಮೆರಾಗಳ ಬೆಲೆಪಟ್ಟಿ ಹಿಡಿದು ನಿಲ್ಲುತ್ತಾಳೆ. ‘ಮೊಬೈಲಿನಲ್ಲಿ ತೆಗೆದದ್ದೂ ಒಂದು ಫೋಟೋನಾ?’ ಎಂಬುದು ಅವಳ ವಾದ. ‘ಮೂರು ದಿನದ ಪ್ರವಾಸಕ್ಕೆ ಅರ್ಧ ಲಕ್ಷವೇ?’ ಎಂಬುದು ಅಪ್ಪನ ಪ್ರಶ್ನೆ. ಕಂತಿನಲ್ಲಿ ಕೊಳ್ಳಬಹುದೆಂಬ ಅಂಗಡಿಯವರ ಆಮಿಷ ಬೇರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಅಲ್ಲಿ ತೆಗೆಯಬೇಕಾದ ಚಿತ್ರಗಳು ಯಾವುವು?

ಮೊದಲು ಚಿತ್ರ, ಆಮೇಲೆ ಕ್ಯಾಮೆರಾ

ಹೊರಡುವುದಕ್ಕೆ ಮುಂಚೆ ಮನೆಮಂದಿಯೆಲ್ಲ ಕುಳಿತು ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಅಜ್ಜಿ ಮತ್ತು ಮೊಮ್ಮಕ್ಕಳು, ಮಾತಂಗ ಬೆಟ್ಟದ ಮೇಲಿನಿಂದ ಸೂರ್ಯೋದಯ, ಹಜಾರ ರಾಮ ದೇವಾಲಯದ ಗೋಡೆಯ ಉಬ್ಬುಶಿಲ್ಪ, ತುಂಗಭದ್ರೆಯಲ್ಲಿ ತೇಲುವ ಹರಿಗೋಲು. ಇಷ್ಟೇ ಆದರೆ ಮನೆಯಲ್ಲಿರುವ ಸಾಧಾರಣ ಒಳ್ಳೆಯ ಮೊಬೈಲು ಧಾರಾಳವಾಗಿ ಸಾಕು. ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ.

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು ‘ಮೆಗಾಪಿಕ್ಸೆಲ್’. ಇದರ ಲೆಕ್ಕವನ್ನು ಹೈಸ್ಕೂಲು ಹುಡುಗರೂ ಮಾಡಬಲ್ಲರು. ಆಲ್ಬಮ್ಮಿಗೆ ಹಾಕುವ 6x4 ಅಂಗುಲದ ಪ್ರತಿಯನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಮುದ್ರಿಸಿದರೆ 1800 ಅನ್ನು 1200ರಿಂದ ಗುಣಿಸಬೇಕು. ಬರುವುದು 21.6 ಲಕ್ಷ ಚುಕ್ಕೆಗಳು, ಅಂದರೆ 2 ಮೆಗಾಪಿಕ್ಸೆಲಿಗಿಂತ ತುಸು ಹೆಚ್ಚು. ಗೋಡೆಗೆ ತೂಗುಹಾಕುವ 12x8 ಅಂಗುಲದ ಚಿತ್ರಕ್ಕೂ 9 ಮೆಗಾಪಿಕ್ಸೆಲ್ ಸಾಕು. ಆದ್ದರಿಂದ 50, 100 ಎಂಬ ಸಂಖ್ಯೆಗಳಿಗೆ ಮರುಳಾಗಿ ಹಣ ತೆರಬೇಕಾಗಿಲ್ಲ.

ನಿಜಕ್ಕೂ ನೋಡಬೇಕಾದದ್ದು ಬೆಳಕು ಹಿಡಿಯುವ ಸೆನ್ಸರಿನ ಗಾತ್ರ. ‘ಫುಲ್ ಫ್ರೇಮ್’ ಕ್ಯಾಮೆರಾದಲ್ಲಿ ಅದು ಹಳೆಯ ಫಿಲ್ಮಿನಷ್ಟೇ, ಅಂದರೆ 36x24 ಮಿ.ಮೀ. ಮಧ್ಯಮ ದರದ ಕ್ಯಾಮೆರಾಗಳಲ್ಲಿ ಸುಮಾರು 24x16 ಮಿ.ಮೀ. ಮೊಬೈಲಿನಲ್ಲಿಯೋ, ಬೆರಳಿನ ಉಗುರಿನಷ್ಟು. ಮಟಮಟ ಮಧ್ಯಾಹ್ನ ಈ ವ್ಯತ್ಯಾಸ ಅಷ್ಟಾಗಿ ಕಾಣದು. ಸಂಜೆಗತ್ತಲಲ್ಲಿ, ಮಂಟಪದ ಒಳಗೆ ಚಿತ್ರ ತೆಗೆದಾಗ ಮಾತ್ರ ಚೆನ್ನಾಗಿ ಕಾಣುತ್ತದೆ.

ದೂರದ ಕರಡಿ, ಹತ್ತಿರದ ಕಂಬ

ಹಂಪಿಗೆ ಹೋದವರಲ್ಲಿ ಕೆಲವರು ಅಲ್ಲಿಗೆ ಸಮೀಪದ ದರೋಜಿ ಕರಡಿಧಾಮಕ್ಕೂ ಹೋಗುತ್ತಾರೆ. ಅಲ್ಲಿ ವೀಕ್ಷಣಾ ಗೋಪುರದಿಂದ ನೋಡುವಾಗ ಎದುರಿನ ಬಂಡೆಗಳ ಮೇಲೆ ಓಡಾಡುವ ಕರಡಿ ಮೊಬೈಲಿನಲ್ಲಿ ಕಪ್ಪು ಚುಕ್ಕೆಯಾಗಿ ಮಾತ್ರ ಸಿಕ್ಕೀತು. ಬೆರಳಿನಿಂದ ಹಿಗ್ಗಿಸಿದರೆ ಚುಕ್ಕೆ ದೊಡ್ಡದಾಗುತ್ತದೆಯೇ ಹೊರತು ಕರಡಿ ಹತ್ತಿರ ಬರುವುದಿಲ್ಲ. ಅಲ್ಲಿ ಬೇಕಾದದ್ದು 300 ಮಿ.ಮೀ. ಅಥವಾ ಅದಕ್ಕೂ ಉದ್ದದ ಲೆನ್ಸು. ಒಂದು ಸಂಜೆಗಾಗಿ ಅದನ್ನು ಕೊಳ್ಳುವುದಕ್ಕಿಂತ ಬಂಧುಗಳಿಂದ ಎರವಲು ಪಡೆಯುವುದು ಅಥವಾ ದಿನಬಾಡಿಗೆಗೆ ತರುವುದು ಜಾಣತನ. ಬೆಂಗಳೂರಿನಂಥ ಊರುಗಳಲ್ಲಿ ಈ ಸೌಲಭ್ಯವಿದೆ.

ದೇವಾಲಯಗಳಲ್ಲಿ ಸಮಸ್ಯೆ ತಿರುಗುಮುರುಗು. ಕಂಬಗಳು ತೀರ ಹತ್ತಿರ, ಹಿಂದೆ ಸರಿಯಲು ಜಾಗವಿಲ್ಲ. ಅಲ್ಲಿ ಕ್ಯಾಮೆರಾದ ಜೊತೆಗೇ ಬರುವ 18-55 ಮಿ.ಮೀ. ಲೆನ್ಸಿನ 18ರ ತುದಿ ಉಪಯೋಗಕ್ಕೆ ಬರುತ್ತದೆ. ಕ್ಯಾಮೆರಾದಲ್ಲೇ ಅಡಕವಾದ ಫ್ಲ್ಯಾಷ್ ಬೆಳಗುವುದು ಕೆಲವೇ ಮೀಟರು ದೂರವನ್ನು. ಮುಸ್ಸಂಜೆಯಲ್ಲಿ ದೂರದ ಗೋಪುರಕ್ಕೆ ಅದನ್ನು ಹೊಡೆದು ಪ್ರಯೋಜನವಿಲ್ಲ.

ಚೀಲದಲ್ಲಿ ಇರಲಿ

ಹೆಚ್ಚುವರಿ ಬ್ಯಾಟರಿ, 64 ಜಿ.ಬಿ.ಯ ಒಂದು ಕಾರ್ಡಿಗೆ ಬದಲು 32ರ ಎರಡು ಕಾರ್ಡು, ಮೆತ್ತನೆಯ ಒಣಬಟ್ಟೆ, ಮಳೆಗೊಂದು ಪ್ಲಾಸ್ಟಿಕ್ ಚೀಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಮತ್ತು ಡ್ರೋನ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಆದ್ದರಿಂದ ಅವನ್ನು ಮನೆಯಲ್ಲೇ ಬಿಡುವುದು ವಾಸಿ. ಕ್ಯಾಮೆರಾ ಹೊಸದೇ ಇರಲಿ, ಎರವಲಿನದೇ ಇರಲಿ, ಹೊರಡುವ ವಾರಕ್ಕೆ ಮುಂಚೆ ಮನೆಯ ಅಂಗಳದಲ್ಲಿ ನೂರು ಚಿತ್ರ ತೆಗೆದು ಕೈ ಪಳಗಿಸಿಕೊಳ್ಳಬೇಕು. ದಿನದ ಚಿತ್ರಗಳನ್ನು ಅದೇ ರಾತ್ರಿ ಇನ್ನೊಂದು ಕಡೆ ನಕಲು ಮಾಡಿಟ್ಟರೆ ಮೊಬೈಲು ಕಳೆದರೂ ಅಜ್ಜಿಯ ಚಿತ್ರ ಕಳೆಯದು.

ಈ ಕಾಳಜಿಯ ಬೆಲೆ ತಿಳಿಯಲು ಹಂಪಿಯದೇ ಉದಾಹರಣೆ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಇಲ್ಲಿನ ಚಿತ್ರಗಳನ್ನು ತೆಗೆದ. ಅವನ ಚಿತ್ರದಲ್ಲಿ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ. ಅಂದು ಅವನು ಚಿತ್ರ ತೆಗೆದು, ಯಾರೋ ಅದನ್ನು ಜೋಪಾನ ಮಾಡಿದ್ದರಿಂದಲೇ ಅದು ಹೇಗಿತ್ತೆಂದು ನಮಗೆ ಗೊತ್ತು.

ಕ್ಯಾಮೆರಾ ಸಿಗದ ಮಕ್ಕಳು ಸಪ್ಪೆಮೋರೆ ಹಾಕಬೇಕಾಗಿಲ್ಲ. ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲೆ ಕೋಣೆಯಲ್ಲಿ, ಗೋಡೆಯ ಕಿರುರಂಧ್ರದಿಂದ ನುಸುಳಿದ ಬೆಳಕು ಸುಮಾರು 50 ಮೀಟರ್ ಎತ್ತರದ ರಾಜಗೋಪುರವನ್ನು ಎದುರುಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಎಲ್ಲ ಕ್ಯಾಮೆರಾಗಳ ಮೂಲತತ್ವವೂ ಇದೇ. ಅಪ್ಪ–ಅಮ್ಮ ಮಕ್ಕಳನ್ನು ಅಲ್ಲಿ ಹತ್ತು ನಿಮಿಷ ನಿಲ್ಲಿಸಿ ಅದನ್ನು ತೋರಿಸಲಿ. ಕೊಳ್ಳುವ ಮಾತು ಊರಿಗೆ ಮರಳಿ, ತೆಗೆದ ಚಿತ್ರಗಳನ್ನು ಒಟ್ಟಿಗೆ ನೋಡಿದ ಮೇಲೆ ಆಡಿದರೂ ತಡವಾಗದು.